ಗಡಿಬಿಡಿಯ ಚಾಕು

ಬುಧವಾರ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಚರ್ಮದ ಬ್ಯಾಗು ತಯಾರಿಸುವ ಕಾರ್ಖಾನೆಯ ಗೇಟ್ ಕಾಯುವವನು ಠಾಣೆಗೆ ಬಂದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವಷ್ಟೂ ನಿಲ್ಲದೆ ಅದನ್ನು ಮೆಟ್ಟಿಲ ಪಕ್ಕ ಕೆಡವಿ ಒಳಗೆ ನುಗ್ಗಿದ್ದ.

“ಸೂಪರ್‌ವೈಸರ್ ಗೋದಾಮಲ್ಲಿ ಬಿದ್ದಿದಾರೆ. ಕರೆದ್ರೆ ಏಳ್ತಿಲ್ಲ.”

“ಕುಡಿದಿದ್ರಾ?” ದಫೇದಾರ ಪೆನ್ನಿನ ಕ್ಯಾಪ್ ತೆಗೆಯುತ್ತ ಕೇಳಿದ.

“ಇಲ್ಲ ಸಾರ್. ಅಂಗಿ ತುಂಬ ರಕ್ತ. ಒಣಗಿ ಹೋಗಿದೆ.”

ದಫೇದಾರ ಪೆನ್ನು ಅಲ್ಲೇ ಬಿಟ್ಟು ಇನ್‌ಸ್ಪೆಕ್ಟರ್ ಕೋಣೆಗೆ ಹೋದ. ಇನ್‌ಸ್ಪೆಕ್ಟರ್ ಇಪ್ಪತ್ತೆರಡು ವರ್ಷ ಸೇವೆ ಮಾಡಿದ ಹೆಂಗಸು. ದೂರು ಬರೆಸಿಕೊಂಡು ಐದು ಮುಕ್ಕಾಲಿಗೆ ಎಫ್‌ಐಆರ್ ದಾಖಲಿಸಿ, ಆರು ಗಂಟೆಗೆಲ್ಲ ಅವರು ಗೋದಾಮಿನಲ್ಲಿದ್ದರು.

ಗೋದಾಮಿನಲ್ಲಿ ಹದ ಮಾಡಿದ ಚರ್ಮದ ಸುರುಳಿಗಳನ್ನು ಸೌದೆಯ ಹಾಗೆ ಒಟ್ಟಿದ್ದರು. ಎರಡು ಒಟ್ಟಿಲುಗಳ ನಡುವೆ ಸೂಪರ್‌ವೈಸರ್ ಗೋಡೆಗೆ ಒರಗಿದಂತೆ ಬಿದ್ದಿದ್ದ. ಎದೆಯ ಎಡಭಾಗದಲ್ಲಿ ಒಂದೇ ಒಂದು ಇರಿತ. ಹೊಡೆದಾಡಿದ ಗುರುತಿಲ್ಲ. ಪಕ್ಕದಲ್ಲಿ ಹಳೆಯ ತಗಡಿನ ಪೆಟ್ಟಿಗೆಯೊಂದು ಬಾಯಿ ತೆರೆದುಕೊಂಡಿತ್ತು. ಒಳಗೆ ತುಕ್ಕು ಹಿಡಿದ ಬಕಲ್‌ಗಳು, ಮುರಿದ ಕತ್ತರಿ, ಹರಿದ ಬಿಲ್ಲುಗಳು.

“ಕೊನೆಗೆ ಇವರನ್ನ ನೋಡಿದ್ದು ಯಾರು?”

“ಊಟಕ್ಕೆ ಬಿಟ್ಟಾಗ ಎಲ್ಲರೂ ನೋಡಿದೀವಿ,” ಅಂದ ಗೇಟಿನವನು. “ಒಂದು ಗಂಟೆಗೆ. ಎರಡಕ್ಕೆ ಬೆಲ್ ಆದಾಗ ಇರ್ಲಿಲ್ಲ. ಹೊರಗೆ ಹೋಗಿರ್ತಾರೆ ಅಂದ್ಕೊಂಡ್ವಿ. ಅವರಿಲ್ಲದಿದ್ರೆ ಹುಡುಕೋರು ಯಾರೂ ಇಲ್ಲ ಇಲ್ಲಿ.”

ಒಂದರಿಂದ ಎರಡರವರೆಗೆ ಹೊರಗಿನವರು ಯಾರೂ ಗೇಟು ದಾಟಿ ಒಳಗೆ ಬಂದಿರಲಿಲ್ಲ.

ಗೋದಾಮಿನ ಪಕ್ಕದಲ್ಲೇ ಕತ್ತರಿಸುವ ಕೋಣೆ. ಐದು ಮೇಜು, ಐದು ಜನ ಕಟ್ಟರ್‌ಗಳು, ಐದು ಚಾಕು. ಮೂರು ತಿಂಗಳ ಹಿಂದೆ ಒಂದೇ ಡಬ್ಬಿಯಿಂದ ಬಂದ ಚಾಕುಗಳವು. ಬಲಮಗ್ಗುಲು ಮಾತ್ರ ಇಳಿಜಾರಾಗಿ ಸವೆದು ಅಂಚಾಗಿತ್ತು. ಎಡಮಗ್ಗುಲು ಕನ್ನಡಿಯಂತೆ ಸಮತಟ್ಟು. ಹಾಗಿದ್ದರೇ ಚರ್ಮದ ಅಂಚನ್ನು ಕಾಗದದಷ್ಟು ತೆಳ್ಳಗೆ ಹೆರೆಯಲು ಬರುತ್ತದೆ ಎಂದು ಹಿರಿಯ ಕಟ್ಟರ್ ವಿವರಿಸಿದ. ದಪ್ಪ ಗಾಜಿನಿಂದಾಗಿ ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು.

“ಒಬ್ಬರ ಚಾಕು ಇನ್ನೊಬ್ಬರು ಮುಟ್ತೀರಾ?”

“ಹೆಂಡತಿ ಸೀರೆ ಬೇಕಾದ್ರೆ ಪಕ್ಕದ ಮನೆಯವರು ಉಟ್ಕೊಂಡು ಹೋಗ್ಲಿ ಮೇಡಂ, ಚಾಕು ಮಾತ್ರ ಕೊಡಲ್ಲ. ಅವರವರ ಚಾಕು ಅವರವರೇ ಮಸೆದುಕೊಳ್ತೀವಿ.”

ಐದೂ ಚಾಕುಗಳನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡು ಏಳು ಗಂಟೆ ಹತ್ತು ನಿಮಿಷಕ್ಕೆ ಪಂಚನಾಮೆ ಮುಗಿಸಿದರು. ಅಷ್ಟರಲ್ಲಿ ದಫೇದಾರ ಹೇಳಿಕೆಗಳನ್ನು ಪಡೆದಿದ್ದ. ನಾಲ್ಕು ಜನ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದ್ದರು. ಮಂಗಳವಾರ ಸೂಪರ್‌ವೈಸರ್ ಮೂರು ತುಂಡು ಚರ್ಮ ಹಾಳಾಯಿತೆಂದು ಅವನ್ನು ಗಡಿಬಿಡಿ ಎಂಬ ಅಡ್ಡಹೆಸರಿನ ಕಟ್ಟರ್‌ನ ಮುಖಕ್ಕೆ ಎಸೆದಿದ್ದ. ಗಡಿಬಿಡಿ, “ಒಂದಿನ ನಿನ್ನನ್ನೇ ಹೀಗೆ ಕತ್ತರಿಸ್ತೀನಿ” ಅಂದಿದ್ದ.

ಗಡಿಬಿಡಿ ಐದನೆಯ ಕಟ್ಟರ್. ಮೂವತ್ತು ವರ್ಷ. ಎರಡು ಕೆಲಸ ಒಟ್ಟಿಗೆ ಮಾಡಲು ಹೋಗಿ ಎರಡನ್ನೂ ಕೆಡಿಸುವವನು ಎಂದು ಆ ಹೆಸರು. ರಾತ್ರಿ ಎಂಟಕ್ಕೆ ಅವನನ್ನು ವಶಕ್ಕೆ ಪಡೆದರು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಶವಪರೀಕ್ಷೆ ಮಾಡಿದ ಡಾಕ್ಟರ್ ಚಿಕ್ಕ ಗಾಜಿನ ಸೀಸೆಯೊಂದನ್ನು ಮೇಜಿನ ಮೇಲೆ ಇಟ್ಟರು. ಒಳಗೆ ಅಕ್ಕಿ ನುಚ್ಚಿನಷ್ಟು ಉಕ್ಕಿನ ಚೂರು.

“ಪಕ್ಕೆಲುಬಿಗೆ ತಾಗಿ ಮುರಿದಿದೆ. ಮೂಳೆಯೊಳಗೇ ಇತ್ತು. ಸಾವು ಮಧ್ಯಾಹ್ನ ಒಂದರಿಂದ ಎರಡರ ಒಳಗೆ. ತೆಳುವಾದ, ಅಗಲ ಅಲಗು.”

“ಅಂದ್ರೆ ಮುಕ್ಕಾದ ಚಾಕು ಹುಡುಕಬೇಕು.”

“ಹುಡುಕಿ. ಅದು ನಿಮ್ಮ ಕೆಲಸ,” ಎಂದು ಡಾಕ್ಟರ್ ಕೈ ತೊಳೆಯಲು ಹೋದರು.

ಐದು ಚಾಕುಗಳಲ್ಲಿ ಒಂದೂ ಮುಕ್ಕಾಗಿರಲಿಲ್ಲ. ಎದುರಿನ ಲೇತ್ ಅಂಗಡಿಯವನಿಂದ ವರ್ನಿಯರ್ ತರಿಸಿ ಇನ್‌ಸ್ಪೆಕ್ಟರ್ ಅಲಗುಗಳ ಅಗಲ ಅಳೆಸಿದರು. ಲೇತ್‌ನವನು ಅಳೆಯುತ್ತ ಹೋದ, ರೈಟರ್ ಬರೆದುಕೊಂಡ. ಮೂವತ್ತೊಂದು ಮಿಲಿಮೀಟರ್. ಮೂವತ್ತೊಂದು. ಮೂವತ್ತೂವರೆ. ಮೂವತ್ತೊಂದು. ಕೊನೆಯದು ಇಪ್ಪತ್ತೊಂಬತ್ತು.

ಕೊನೆಯದು ಗಡಿಬಿಡಿಯದು.

“ಚರ್ಮ ಕುಯ್ಯೋ ಚಾಕು ಮೊಂಡಾಗುತ್ತೆ, ಮುಕ್ಕಾಗಲ್ಲ,” ಅಂದ ಲೇತ್‌ನವನು. “ಎರಡು ಮಿಲಿಮೀಟರ್ ತೆಗೆಯೋ ಕೆಲಸ ಇಲ್ಲ ಅದಕ್ಕೆ. ಯಾರೋ ಮುಕ್ಕು ಹೋಗೋವರೆಗೂ ಮಸೆದಿದ್ದಾರೆ.”

ಲಾಕಪ್ಪಿನಿಂದ ಗಡಿಬಿಡಿಯನ್ನು ಕರೆತಂದರು. ಕಣ್ಣು ಕೆಂಪಾಗಿತ್ತು.

“ಈ ಚಾಕು ಯಾರದು?”

“ನನ್ನದೇ.”

“ಮಸೆದಿದ್ದು ಯಾವಾಗ?”

“ಸೋಮವಾರ.”

“ಬುಧವಾರ ಊಟದ ಹೊತ್ತಲ್ಲಿ ಎಲ್ಲಿದ್ದೆ?”

“ಹೊಲಿಗೆ ಶೆಡ್ಡಿನ ಹಿಂದೆ ಮಲಗಿದ್ದೆ.”

“ಯಾರು ನೋಡಿದ್ರು?”

“ಮಲಗಿರೋನಿಗೆ ಹೇಗೆ ಗೊತ್ತಾಗುತ್ತೆ ಮೇಡಂ?”

“ಚಾಕು?”

“ಮೇಜಿನ ಮೇಲೇ ಬಿಟ್ಟಿದ್ದೆ. ಯಾವಾಗ್ಲೂ ಬಿಡ್ತೀನಿ. ಕನ್ನಡಕ ಬೈತಾನೇ ಇರ್ತಾನೆ.”

“ಊಟ ಆದ್ಮೇಲೆ ಅದೇ ಚಾಕುನಲ್ಲಿ ಕೆಲಸ ಮಾಡಿದೆ. ಏನೂ ಅನ್ನಿಸಲಿಲ್ವಾ?”

ಗಡಿಬಿಡಿ ಯೋಚಿಸಿದ. “ಸಲೀಸಾಗಿ ಹೋಗ್ತಿತ್ತು. ಈ ಸಲ ಚರ್ಮ ಒಳ್ಳೇದು ಬಂದಿದೆ ಅಂದ್ಕೊಂಡೆ.”

ದಫೇದಾರ ಕೆಮ್ಮಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಕೋರ್ಟು ಮುಚ್ಚುವ ಮೊದಲು, ಸಂಜೆ ಐದೂವರೆಯೊಳಗೆ ಇವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಬೆದರಿಕೆ ಇತ್ತು, ಚಾಕು ಇತ್ತು, ಸಾಕ್ಷಿ ಹೇಳುವವರಿದ್ದರು. ಒಮ್ಮೆ ಜೈಲಿನ ಗೇಟು ದಾಟಿದರೆ ಇಂಥವನು ಹೊರಬರಲು ವರ್ಷಗಳೇ ಹಿಡಿಯುತ್ತವೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಗಡಿಬಿಡಿಗೂ.

ಹನ್ನೊಂದೂವರೆಗೆ ಅವನ ಅತ್ತೆ ಬಂದಳು. ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು, ಕೈಯಲ್ಲಿ ಬಟ್ಟೆಯ ಚೀಲ.

“ಕೂತ್ಕೊಳ್ಳಿ,” ಅಂದರು ಇನ್‌ಸ್ಪೆಕ್ಟರ್.

“ಕೂತ್ಕೊಳ್ಳೋಕೆ ಬಂದಿಲ್ಲ ತಾಯಿ. ಅಳಿಯ ಒಳ್ಳೆಯವನು ಅಂತ ಹೇಳೋಕೂ ಬಂದಿಲ್ಲ. ನನ್ನ ಮಗಳು ಅವನಲ್ಲಿ ಏನು ನೋಡಿದಳೋ ನನಗಿನ್ನೂ ತಿಳಿದಿಲ್ಲ. ಬಾಯಿ ಹೊಲಸು. ಚಪ್ಪಲಿ ಎಡದ್ದು ಬಲಕ್ಕೆ ಹಾಕ್ಕೊಂಡು ಬೀದಿ ಕೊನೆವರೆಗೂ ಹೋಗ್ತಾನೆ. ಆದ್ರೆ ಒಬ್ಬನ್ನ ಕೊಂದು, ಚಾಕು ತೊಳೆದು, ಕೂತು ಮಸೆದು, ಒರೆಸಿ ಇಡೋವಷ್ಟು ತಾಳ್ಮೆ ಅವನಿಗೆ ಇದ್ದಿದ್ರೆ ನಮ್ಮನೆ ಎಂದೋ ಉದ್ಧಾರ ಆಗ್ತಿತ್ತು.”

“ಮಸೆದಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು?”

ಅತ್ತೆ ಗದ್ದವೆತ್ತಿ ದಫೇದಾರನ ಕಡೆ ತೋರಿಸಿದಳು. ದಫೇದಾರ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಆಕೆ ಚೀಲಕ್ಕೆ ಕೈಹಾಕಿ ಅಡುಗೆಮನೆಯ ಚಾಕು ತೆಗೆದಾಗ ಅವನು ಕ್ಯಾಲೆಂಡರ್ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

“ಹೆದರಬೇಡಪ್ಪ. ಇದರಲ್ಲಿ ಬೆಣ್ಣೆನೂ ಕುಯ್ಯೋಕಾಗಲ್ಲ. ಭಾನುವಾರ ಅಳಿಯದೇವರು ಮಸೆದುಕೊಟ್ಟಿದ್ದು. ಈರುಳ್ಳಿ ಹೆಚ್ಚಿದ್ರೆ ನಾವು ಅಳೋದಲ್ಲ, ಈರುಳ್ಳಿನೇ ಅಳುತ್ತೆ.”

ಇನ್‌ಸ್ಪೆಕ್ಟರ್ ಅದನ್ನೂ ವಶಪಡಿಸಿಕೊಂಡಿದ್ದ ಗಡಿಬಿಡಿಯ ಚಾಕುವನ್ನೂ ಕಿಟಕಿಯ ಬೆಳಕಿಗೆ ತಂದರು. ವಾಚ್ ರಿಪೇರಿಯವನಿಂದ ಭೂತಕನ್ನಡಿ ತರಿಸಿದರು. ಅಡುಗೆಮನೆಯ ಚಾಕುವಿನ ಅಂಚಿನಲ್ಲಿ ಮೂರು ನಾಲ್ಕು ಇಳಿಜಾರುಗಳಿದ್ದವು, ಒಂದಕ್ಕೊಂದು ಸಂಬಂಧವಿಲ್ಲ. ಗೀರುಗಳು ದಿಕ್ಕು ದಿಕ್ಕಿಗೆ ಓಡಿದ್ದವು. ಅಂಚಿನುದ್ದಕ್ಕೂ ಮಡಚಿಕೊಂಡ ಉಕ್ಕಿನ ಎಳೆಯೊಂದು ಉಗುರಿಗೆ ತಾಗುತ್ತಿತ್ತು.

ಕೊಲೆಯ ಚಾಕುವಿನಲ್ಲಿ ಅಂಥ ಎಳೆ ಇರಲಿಲ್ಲ. ಗೀರುಗಳೆಲ್ಲ ಒಂದೇ ಓಟದಲ್ಲಿದ್ದವು. ಇಳಿಜಾರು ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಗೆರೆಯೇ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬಿನಲ್ಲಿ ಅದು ಮೆಲ್ಲಗೆ ಇಳಿದು ಹೋಗಿತ್ತು. ವಶಪಡಿಸಿಕೊಂಡ ಉಳಿದ ನಾಲ್ಕರಲ್ಲೂ ಇಳಿಜಾರು ಚಪ್ಪಟೆಯೇ.

ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಕಾರ್ಖಾನೆಯಲ್ಲಿದ್ದರು. ಕನ್ನಡಕನನ್ನು ಪಕ್ಕಕ್ಕೆ ಕರೆದು ಅಂಚನ್ನು ತೋರಿಸಿದರು.

“ಹೀಗೆ ಉಬ್ಬಿ ಬರೋ ಹಾಗೆ ಮಸೆಯೋದು ಹೇಗೆ?”

“ಕಲ್ಲಿನ ಮೇಲೆ ಎಳೆಯುವಾಗ ಮಣಿಕಟ್ಟು ಒಂದು ಕೂದಲಷ್ಟು ಎತ್ತುತ್ತಾ ಹೋಗ್ಬೇಕು. ಪ್ರತಿ ಎಳೆತಕ್ಕೂ ಅಷ್ಟೇ. ಹೀಗೆ ಮಸೆದ ಅಂಚು ಬೇಗ ಮೊಂಡಾಗಲ್ಲ, ವಾರಗಟ್ಟಲೆ ಬರುತ್ತೆ.”

“ನಿಮಗೆ ಬರುತ್ತಾ?”

“ಇಪ್ಪತ್ತು ವರ್ಷದಿಂದ ಪ್ರಯತ್ನ ಮಾಡ್ತಿದೀನಿ.”

“ಯಾರಿಗೆ ಬರುತ್ತೆ?”

ಕನ್ನಡಕ ಗಾಜು ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

“ನಿನ್ನೆ ಮಧ್ಯಾಹ್ನ ಕಲ್ಲಿನ ಹತ್ತಿರ ಯಾರು ಕೂತಿದ್ರು?”

“ಊಟದ ಹೊತ್ತಲ್ಲಿ ಕಲ್ಲಿನ ಸದ್ದು ಇದ್ದೇ ಇರುತ್ತೆ ಮೇಡಂ. ಅಡುಗೆಮನೇಲಿ ಪಾತ್ರೆ ಸದ್ದಾದ್ರೆ ಯಾರಾದ್ರೂ ಇಣುಕಿ ನೋಡ್ತಾರಾ?”

“ಸರಿ. ನೀವು ಮಸೆದುಕೊಳ್ಳೋಕೆ ಮುಂಚೆ ಇಲ್ಲಿ ಯಾರು ಮಸೀತಿದ್ರು?”

“ಮಾವ.” ಮಾತು ಬಂದುಬಿಟ್ಟಿತ್ತು. “ಎಲ್ಲರೂ ಮಾವ ಅಂತಾರೆ. ಈಗ ಗೋಂದು ಹಚ್ಚೋ ಮೇಜಲ್ಲಿದ್ದಾರೆ.”

“ಯಾಕೆ ಬಿಟ್ರು?”

“ಬಿಡಿಸಿದ್ರು. ಆಫೀಸಲ್ಲಿ ಅಪಘಾತದ ರಿಜಿಸ್ಟರ್ ಇದೆ, ನೋಡಿ. ನನ್ನ ಬಾಯಲ್ಲಿ ಬೇಡ.”

ರಿಜಿಸ್ಟರ್ ಎರಡು ವರ್ಷ ಹಿಂದಿನದು. ಕತ್ತರಿಸುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದ ಕಟ್ಟರ್ ಒಬ್ಬ ದಪ್ಪ ಚರ್ಮವನ್ನು ತನ್ನ ಕಡೆಗೆ ಎಳೆದು ಕತ್ತರಿಸುವಾಗ ಚಾಕು ಜಾರಿ ತೊಡೆಯ ರಕ್ತನಾಳ ತುಂಡಾಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದ. ಕಾರಣದ ಅಂಕಣದಲ್ಲಿ ಹೀಗಿತ್ತು: ‘ಸಾಣೆಗಾರನು ಸರಿಯಾಗಿ ಮಸೆಯದ ಮೊಂಡು ಚಾಕು. ಸಾಣೆಗಾರನ ನಿರ್ಲಕ್ಷ್ಯ. ಚಾಕು ಪತ್ತೆಯಾಗಿಲ್ಲ.’ ಕೆಳಗೆ ಸೂಪರ್‌ವೈಸರ್ ಸಹಿ. ಸತ್ತವನಿಗೂ ಸಾಣೆಗಾರನಿಗೂ ಇದ್ದ ಸಂಬಂಧ ಬರೆಯಲು ಅಂಕಣವಿರಲಿಲ್ಲ. ಯಾರೋ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ‘ಮಗ’ ಎಂದು ಗೀಚಿದ್ದರು.

ಠಾಣೆಗೆ ಮರಳುವ ದಾರಿಯಲ್ಲಿ ಇನ್‌ಸ್ಪೆಕ್ಟರ್ ಹಾರ್ಡ್‌ವೇರ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಒಂದೇ ಥರದ, ಇನ್ನೂ ಮಸೆಯದ ಆರು ಚಾಕು ಕೊಂಡರು.

“ಐದೂ ಕಟ್ಟರ್‌ಗಳ ಕೈಲಿ ಮಸೆಸೋಣ. ಮಾವನ ಕೈಲೂ. ಪಂಚರ ಮುಂದೆ.”

“ಮೇಡಂ, ಮಾಡಿದವನು ಬೇಕಂತಲೇ ಕೆಟ್ಟದಾಗಿ ಮಸೆದ್ರೆ?” ದಫೇದಾರ ಕೇಳಿದ.

“ಆಗ ಐದೂವರೆಗೆ ಗಡಿಬಿಡಿ ಜೈಲಿಗೆ ಹೋಗ್ತಾನೆ.”

ಎರಡೂವರೆಗೆ ಠಾಣೆಯ ಹಿತ್ತಿಲಿನಲ್ಲಿ, ನಲ್ಲಿಯ ಪಕ್ಕ ಮಸೆಗಲ್ಲು, ಒಂದು ಬಕೆಟ್ ನೀರು, ಚರ್ಮದ ಪಟ್ಟಿ ಇಟ್ಟರು. ಪಂಚರಾಗಿ ಲೇತ್‌ನವನೂ ಮೆಡಿಕಲ್ ಅಂಗಡಿಯವನೂ ಬಂದಿದ್ದರು. ಒಬ್ಬೊಬ್ಬರಾಗಿ ಕೂತು ಮಸೆದರು. ಕನ್ನಡಕ ಲೆಕ್ಕ ಹಾಕಿಕೊಂಡು ಒಂದು ಮಗ್ಗುಲಿಗೆ ನೂರು ಎಳೆದ. ಇನ್ನಿಬ್ಬರು ಮಾತಾಡುತ್ತ ಮಸೆದರು. ನಾಲ್ಕನೆಯವನು ಕಲ್ಲಿಗೆ ನೀರು ಹಾಕಲು ಮರೆತ. ಗಡಿಬಿಡಿ ಮೂರು ನಿಮಿಷದಲ್ಲಿ ಮುಗಿಸಿ, ಬೆರಳು ಕುಯ್ದುಕೊಂಡು ಎದ್ದ.

“ಆ ಚಾಕುನಲ್ಲಿ ಬೆರಳು ಕುಯ್ದುಕೊಳ್ಳೋಕೂ ಸಾಮರ್ಥ್ಯ ಬೇಕು,” ಅಂದಳು ಬಾಗಿಲ ಬಳಿ ಕೂತಿದ್ದ ಅತ್ತೆ. ಮಗು ಆಕೆಯ ಮಡಿಲಲ್ಲಿ ನಿದ್ದೆಹೋಗಿತ್ತು.

ಐದರಲ್ಲೂ ಉಬ್ಬು ಇರಲಿಲ್ಲ.

ಮಾವ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಬೆರಳುಗಳಿಗೆ ಗೋಂದು ಒಣಗಿ ಅಂಟಿಕೊಂಡಿತ್ತು.

“ಮಾವ, ನಿಮಗೂ ಒಂದು ಕೊಡಲಾ?” ಇನ್‌ಸ್ಪೆಕ್ಟರ್ ಕೇಳಿದರು.

ಕನ್ನಡಕ ಅಡ್ಡ ಬಂದ. “ಅವರ ಕೈ ನಡುಗುತ್ತೆ ಮೇಡಂ. ಎರಡು ವರ್ಷದಿಂದ ಕಲ್ಲು ಮುಟ್ಟಿಲ್ಲ.”

“ಅವರೇ ಹೇಳಲಿ.”

ಮಾವ ಲಾಕಪ್ಪಿನ ಕಡೆ ನೋಡಿದ. ಮತ್ತೆ ಒಳಗೆ ಸೇರಿದ್ದ ಗಡಿಬಿಡಿ ಕುಯ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು ಕಂಬಿಗೆ ಹಣೆ ಹಚ್ಚಿ ನಿಂತಿದ್ದ.

“ಕೊಡಿ,” ಅಂದ ಮಾವ.

ಮೊದಲು ನಲ್ಲಿಯಲ್ಲಿ ಕೈತೊಳೆದು ಗೋಂದನ್ನೆಲ್ಲ ಉಜ್ಜಿ ತೆಗೆದ. ಕಲ್ಲನ್ನು ಕಣ್ಣಿನ ಮಟ್ಟಕ್ಕೆತ್ತಿ ನೋಡಿದ. “ಇದಕ್ಕೆ ಗುಳಿ ಬಿದ್ದಿದೆ. ಇನ್ನೊಂದು ಕಲ್ಲು ಬೇಕು.” ದಫೇದಾರ ಹಿತ್ತಿಲ ಮೂಲೆಯಿಂದ ಚಪ್ಪಡಿ ಚೂರೊಂದನ್ನು ತಂದ. ಮಾವ ಅದರ ಮೇಲೆ ಮಸೆಗಲ್ಲನ್ನು ತಿಕ್ಕಿ ಸಮ ಮಾಡಿದ. ಅದಕ್ಕೇ ಹತ್ತು ನಿಮಿಷ ಹಿಡಿಯಿತು. ಆಮೇಲೆ ರೈಟರನ ಸ್ಟ್ಯಾಂಪ್ ಪ್ಯಾಡ್ ಕೇಳಿ, ಬೆರಳಿಗೆ ನೇರಳೆ ಶಾಯಿ ತಗುಲಿಸಿ ಅಂಚಿನುದ್ದಕ್ಕೂ ಸವರಿದ.

“ಇದು ಯಾಕೆ?” ರೈಟರ್ ಕೇಳಿದ.

“ಕಲ್ಲು ಎಲ್ಲಿ ತಾಗುತ್ತೋ ಅಲ್ಲಿ ಶಾಯಿ ಹೋಗುತ್ತೆ. ಉಳಿದ ಕಡೆ ಉಳಿಯುತ್ತೆ. ಸುಳ್ಳು ಹೇಳಲ್ಲ.”

ಮಸೆಯತೊಡಗಿದ. ಕೈ ನಡುಗಲಿಲ್ಲ. ಕಲ್ಲಿನ ಸದ್ದು ಒಂದೇ ಸಮನಾಗಿತ್ತು. ಮಣಿಕಟ್ಟು ಏಳುವುದು ಕಾಣುತ್ತಲೇ ಇರಲಿಲ್ಲ, ಶಾಯಿ ಮಾತ್ರ ಹಿಂದಿನಿಂದ ಅಂಚಿನವರೆಗೆ ಮೆಲ್ಲಗೆ ಮಾಯವಾಗುತ್ತಿತ್ತು. ಆಮೇಲೆ ಸಮತಟ್ಟು ಮಗ್ಗುಲನ್ನು ನಾಲ್ಕೇ ಸಲ ಕಲ್ಲಿಗೆ ತಾಗಿಸಿ ಎಳೆಯನ್ನು ತೆಗೆದ, ಚರ್ಮದ ಪಟ್ಟಿಗೆ ಹತ್ತು ಸಲ ಎಳೆದ. ಎಲ್ಲ ಮುಗಿದಾಗ ಮೂರು ಗಂಟೆ ಐವತ್ತು ನಿಮಿಷ. ಹಿಡಿ ಮುಂದಾಗಿ ಚಾಕುವನ್ನು ಇನ್‌ಸ್ಪೆಕ್ಟರರಿಗೆ ಚಾಚಿದ.

ಲೇತ್‌ನವನು ಅದನ್ನೂ ಕೊಲೆಯ ಚಾಕುವನ್ನೂ ಭೂತಕನ್ನಡಿಯಲ್ಲಿ ಅಕ್ಕಪಕ್ಕ ಹಿಡಿದು ನೋಡಿ, ಕನ್ನಡಿಯನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟ. ಅವರು ನೋಡಿದರು. ಎರಡರಲ್ಲೂ ಅದೇ ಉಬ್ಬು. ಆಮೇಲೆ ಮಾವನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು.

“ಕೆಟ್ಟದಾಗಿ ಮಸೆದಿದ್ರೆ ನಮಗೇನೂ ಸಿಗ್ತಿರ್ಲಿಲ್ಲ. ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

“ಮತ್ತೆ?”

“ಆ ಹುಡುಗನಿಗೆ ಮಗು ಇದೆ.” ಮಾವ ಬೆರಳಿನ ನೇರಳೆ ಶಾಯಿ ಉಜ್ಜಿದ. “ಇನ್ನೊಂದು ಇದೆ. ಒಂದು ಸಲ ಕೆಟ್ಟದಾಗಿ ಮಸೆದೆ ಅಂತ ನನ್ನ ಮೇಲೆ ಬರೆದಿದ್ದಾರೆ. ಎರಡನೇ ಸಲ ಬರೆಸಿಕೊಳ್ಳೋಕೆ ನನ್ನ ಕೈಲಾಗಲ್ಲ.”

ರೈಟರ್ ಹೇಳಿಕೆ ಬರೆದುಕೊಂಡ. ಬುಧವಾರ ಊಟದ ಹೊತ್ತಿನಲ್ಲಿ ಗೋದಾಮಿನ ಹಳೆಯ ಪೆಟ್ಟಿಗೆ ಖಾಲಿ ಮಾಡು ಎಂದು ಸೂಪರ್‌ವೈಸರ್ ಮಾವನಿಗೆ ಹೇಳಿದ್ದ. ಒಳಗೆ ಏನಿದೆ ಎಂಬುದನ್ನು ಅವನೇ ಮರೆತಿದ್ದ. ತಳದಲ್ಲಿ, ಕಾಗದದಲ್ಲಿ ಸುತ್ತಿದ ಚಾಕು ಸಿಕ್ಕಿತು. ಹಿಡಿಗೆ ಮಗ ಸುತ್ತಿದ್ದ ಹಳದಿ ದಾರ ಹಾಗೇ ಇತ್ತು. ಅಂಚಿನಲ್ಲಿ ನೀಲಿ ಬಣ್ಣ.

“ನೀಲಿ ಅಂದ್ರೆ?”

“ಕರೆಂಟಿನ ಸಾಣೆಯಂತ್ರದಲ್ಲಿ ಒತ್ತಿ ಹಿಡಿದ್ರೆ ಉಕ್ಕು ಸುಟ್ಟು ನೀಲಿ ಆಗುತ್ತೆ. ಅದರ ಗಟ್ಟಿತನ ಹೋಗುತ್ತೆ. ನೋಡೋಕೆ ಹರಿತ, ಹತ್ತು ಸಲ ಎಳೆದ್ರೆ ಮೊಂಡು. ಮೊಂಡಾದ್ರೆ ಕೈ ಬಲ ಹಾಕುತ್ತೆ, ಬಲ ಹಾಕಿದ್ರೆ ಜಾರುತ್ತೆ. ಆ ವಾರ ಸೂಪರ್‌ವೈಸರ್ ಹೊಸ ಯಂತ್ರ ತಂದಿದ್ದ. ನಾನು ಬೇಡ ಅಂದಿದ್ದೆ. ಆ ಬೆಳಿಗ್ಗೆ ನನ್ನ ಮಗನ ಚಾಕು ತಗೊಂಡು ಹೋಗಿ ಅವನೇ ಯಂತ್ರಕ್ಕೆ ಹಿಡಿದಿದಾನೆ. ನನಗೆ ಗೊತ್ತಿರ್ಲಿಲ್ಲ. ಎರಡು ವರ್ಷ, ನಾನೇ ಎಲ್ಲೋ ತಪ್ಪಿದೆ ಅಂತಲೇ ಅಂದ್ಕೊಂಡಿದ್ದೆ.”

“ಕೇಳಿದ್ರಾ ಅವನನ್ನ?”

“ಕೇಳ್ದೆ. ಮುಗಿದುಹೋದ ಕತೆ ಈಗ್ಯಾಕೆ ಮಾವ, ಪೆಟ್ಟಿಗೆ ಖಾಲಿ ಮಾಡು, ಅಂದ. ನಾನು ಹೊರಗೆ ಬಂದೆ. ಬಾಗಿಲ ಪಕ್ಕದ ಮೇಜಲ್ಲಿ ಚಾಕು ಬಿದ್ದಿತ್ತು. ಯಾರದ್ದು ಅಂತಲೂ ನೋಡಲಿಲ್ಲ.”

“ಆಮೇಲೆ ಮಸೆದು ಇಟ್ರಿ. ಮುಚ್ಚಿಹಾಕೋಕಾ?”

“ಮುಚ್ಚಿಹಾಕೋ ಯೋಚನೆ ಆಮೇಲೆ ಬಂತಮ್ಮ. ಮುಕ್ಕಾಗಿತ್ತು. ಮುಕ್ಕಾದ ಚಾಕು ಇನ್ನೊಬ್ಬರ ಮೇಜಿನ ಮೇಲೆ ಇಡೋಕೆ ಕೈ ಬರಲಿಲ್ಲ.”

ಐದು ಗಂಟೆ ಐದು ನಿಮಿಷಕ್ಕೆ ಬಂಧನ ದಾಖಲಾಯಿತು. ಐದೂಕಾಲಿಗೆ ಗಡಿಬಿಡಿಯನ್ನು ಬಿಟ್ಟರು. ಅವನು ಮಾವನ ಕುರ್ಚಿಯ ಮುಂದೆ ನಿಂತು ಏನೋ ಹೇಳಲು ಹೋದ. ಮಾವ, “ಚಾಕು ಮೇಜಿನ ಮೇಲೆ ಬಿಡಬೇಡಪ್ಪ ಇನ್ಮೇಲೆ” ಅಂದ. ಅತ್ತೆ ಮೊಮ್ಮಗಳನ್ನು ಗಡಿಬಿಡಿಯ ಹೆಗಲಿಗೆ ಹಾಕಿ ಮುಂದೆ ನಡೆದಳು.

ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ, ಮಾವ ಮನೆಯಲ್ಲಿ ಇಟ್ಟಿದ್ದ ಮಗನ ಚಾಕುವನ್ನು ವಶಪಡಿಸಿಕೊಳ್ಳಲು ಅವನನ್ನು ಅಲ್ಲಿಗೆ ಕರೆದೊಯ್ದರು. ಒಂದು ಕೋಣೆ, ಹಿಂದೆ ಅಡುಗೆಮನೆ. ಬಾಗಿಲು ತೆಗೆದ ಹೆಂಡತಿ ಗಂಡನ ಮುಖ ನೋಡಲಿಲ್ಲ. ಪೊಲೀಸರಿಗೆ ದಾರಿ ಬಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

“ಎರಡು ವರ್ಷದಿಂದ ನನ್ನ ಹತ್ರ ಮಾತಿಲ್ಲ,” ಮಾವ ತಗ್ಗಿದ ದನಿಯಲ್ಲಿ ಇನ್‌ಸ್ಪೆಕ್ಟರರಿಗೆ ಹೇಳಿದ. “ಮನೆ ಚಾಕುನೂ ಮುಟ್ಟೋಕೆ ಬಿಡಲ್ಲ.”

“ಬುಧವಾರವೇ ಅದನ್ನ ತಂದ್ರಲ್ಲ. ತೋರಿಸಲಿಲ್ವಾ?”

“ತೋರಿಸೋಕೇ ತಂದಿದ್ದು. ಆ ಕೈಯಲ್ಲಿ ಹೇಗೆ ತೋರಿಸಲಿ?”

ಟ್ರಂಕಿನಲ್ಲಿ, ಮಡಚಿದ ಅಂಗಿಗಳ ಕೆಳಗೆ ಚಾಕು ಸಿಕ್ಕಿತು. ಪಂಚನಾಗಿ ಬಂದಿದ್ದ ಲೇತ್‌ನವನು ಅದನ್ನು ಕಿಟಕಿಯ ಬಳಿ ಒಯ್ದು ನೋಡಿದ. ಪಂಚನಾಮೆ ಬರೆದು ಮುಗಿಸಿದ ಮೇಲೆ, ನಿಯಮದಂತೆ, ರೈಟರ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ದಿನಾಂಕ, ವೇಳೆ, ಪಂಚರ ವಿಳಾಸ, ಅಲಗಿನ ಉದ್ದ. ಓದುವ ದನಿ ರೂಢಿಯದೇ ಆಗಿತ್ತು.

“…ಸದರಿ ಚಾಕುವಿನ ಅಂಚಿನುದ್ದಕ್ಕೂ ನೀಲಿ ಬಣ್ಣದ ಸುಟ್ಟ ಗುರುತು ಇರುತ್ತದೆ. ಗೀರುಗಳು ಅಂಚಿಗೆ ಅಡ್ಡಲಾಗಿದ್ದು, ವಿದ್ಯುತ್ ಸಾಣೆಯಂತ್ರದಿಂದ ಆದಂತೆ ಕಂಡುಬರುತ್ತದೆ. ಕೈಯಿಂದ ಕಲ್ಲಿನ ಮೇಲೆ ಮಸೆದ ಯಾವುದೇ ಗುರುತು ಇರುವುದಿಲ್ಲ.”

ಹೊಸ್ತಿಲಲ್ಲಿದ್ದ ಹೆಂಗಸು ಸೆರಗಿನ ತುದಿಯನ್ನು ಕೈಯಿಂದ ಬಿಟ್ಟಳು.

“ಅದನ್ನ ಇನ್ನೊಂದು ಸಲ ಓದಿ,” ಅಂದಳು.

ರೈಟರ್ ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವರು ತಲೆಯಾಡಿಸಿದರು. ಅವನು ಹಾಳೆಯನ್ನು ತಿರುಗಿಸಿ, ಈ ಸಲ ನಿಧಾನವಾಗಿ ಓದಿದ. ಮಾವ ನೆಲ ನೋಡುತ್ತ ನಿಂತಿದ್ದ. ಆಕೆ ಓದು ಮುಗಿಯುವ ಮೊದಲೇ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಒಂದು ಲೋಟ ನೀರಿತ್ತು. ಪೊಲೀಸರನ್ನು ದಾಟಿ ಬಂದು ಅದನ್ನು ಗಂಡನ ಕಡೆ ಹಿಡಿದಳು. ಅವನ ಕೈಗೆ ಬೇಡಿ ಇತ್ತು. ಇನ್‌ಸ್ಪೆಕ್ಟರ್ ದಫೇದಾರನಿಗೆ ಬೀಗ ತೆಗೆಯಲು ಹೇಳಿದರು. ಪಂಚನಾಮೆಯಲ್ಲಿ ಇದನ್ನು ಬರೆಯಲಿಲ್ಲ.